ಲೆಫ್ಟಿನೆಂಟ್ ಶ್ರೀನಿಯ ತಾಯಿ

ಅನಸೂಯಳ ಬಾಯಿಂದ ಒಂದು ಮೆಚ್ಚುಗೆಯ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ನ್ಯೂ ಜೆರ್ಸಿಯವರು ಎದೆಯುಬ್ಬಿಸಿ ಹೊಗಳಿಕೊಳ್ಳುವ ಅಲ್ಲಿನ ಟೊಮೇಟೊ ಅವಳ ಪ್ರಕಾರ ಸಾರಿಗೆ ನಾಲಾಯಕ್ಕು. ಅಲ್ಲಿನ ಬೇಸಿಗೆ ಒಂದು ಬೇಸಿಗೆಯಲ್ಲ, ಹಬೆ. ತಿಂಗಳಿಗೊಮ್ಮೆ ಯಾರದಾದರೂ ಬೇಸ್‌ಮೆಂಟಿನಲ್ಲಿ ಸೇರಿ ಬಿಸಿಬೇಳೆಭಾತ್ ತಿಂದು, ಮೈಸೂರಿನ ರಾಜಕೀಯವನ್ನೆಲ್ಲ ಅಲ್ಲಿಂದಲೇ ಸರಿಮಾಡಿ, ಕೊನೆಗೆ ಯಾರ ಮನೆಗೆ ಯಾವ ಸೈಜಿನ ಫ್ರಿಜ್ ಬಂತು ಎಂಬಲ್ಲಿಗೆ ಬಂದು ನಿಲ್ಲುವ ನಮ್ಮ ಕನ್ನಡದವರ ಮೇಲಂತೂ ಅವಳಿಗೆ ಇನ್ನಿಲ್ಲದ ತಾತ್ಸಾರ. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಮೂಗಿನಲ್ಲಿ ಒಂದು ‘ಹುಂ’ ಅನ್ನುತ್ತಿದ್ದಳು, ಅಷ್ಟೆ. ಆ ‘ಹುಂ’ ಕೇಳಿದವರಿಗೆ ತಾವು ಉಟ್ಟ ಸೀರೆ, ಕಟ್ಟಿದ ಮನೆ, ಹೆತ್ತ ಮಕ್ಕಳು ಎಲ್ಲದರ ಮೇಲೂ ಇದ್ದಕ್ಕಿದ್ದಂತೆ ಅನುಮಾನ ಹುಟ್ಟುತ್ತಿತ್ತು.

ಅವಳು ಅಮೆರಿಕಕ್ಕೆ ಬಂದದ್ದು ಸಾವಿರದೊಂಬೈನೂರ ಐವತ್ತೈದರಲ್ಲಿ, ಗಂಡ ಗುರುರಾಜನ ಹಿಂದೆ. ಮರುವರ್ಷ ಶ್ರೀನಿ ಹುಟ್ಟಿದ. ಗುರುರಾಜ ಓದು ಮುಗಿಸಿ ನ್ಯೂವಾರ್ಕಿನ ಒಂದು ಕಾಲೇಜಿನಲ್ಲಿ ಮೇಷ್ಟರಾದ, ಈಸ್ಟ್ ಆರೆಂಜ್‌ನಲ್ಲಿ ಮನೆ ಮಾಡಿದ, ಅರವತ್ತೇಳರ ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ತೆಗೆಯುತ್ತ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಶ್ರೀನಿಗೆ ಆಗ ಹನ್ನೊಂದು. ಊರಿಗೆ ವಾಪಸ್ಸು ಹೋಗು ಎಂದವರೇ ಎಲ್ಲ. “ಹೋಗಿ ಯಾರ ಮನೆ ಹಿತ್ತಲಲ್ಲಿ ಕೂತ್ಕೊಳ್ಳಲಿ?” ಎಂದು ಅನಸೂಯ ಒಂದೇ ಸಲ ಕೇಳಿದಳು. ಆಮೇಲೆ ಟೈಪಿಂಗ್ ಕಲಿತು ಒಂದು ಇನ್ಶೂರೆನ್ಸ್ ಕಂಪನಿ ಸೇರಿದಳು. ಸತ್ತವರ ಕ್ಲೇಮುಗಳನ್ನು ನೋಡುವ ಸೆಕ್ಷನ್ ಅದು. ದಿನವೂ ಬೆಳಗ್ಗೆ ಹೊಸ ಹೊಸ ವಿಧವೆಯರ ಕಾಗದಗಳು ಬಂದು ಅವಳ ಮೇಜಿನ ಮೇಲೆ ಬೀಳುತ್ತಿದ್ದವು.

ಈ ಕಡೆ ಅವಳ ಮೈದುನ ಬದರೀನಾಥ ಅದೇ ತಾನೇ ಹೆಂಡತಿ ಕೌಸಲ್ಯೆಯೊಂದಿಗೆ ಬಂದು, ನ್ಯೂ ಜೆರ್ಸಿಯಿಂದಾಚೆ ಕಾರಿನಲ್ಲಿ ಒಂದು ಗಂಟೆ ದೂರದ ಫ್ಲೋರಲ್ ಪಾರ್ಕಿನಲ್ಲಿ ನೆಲೆಸಿದ್ದ. ಅಣ್ಣ ಹೋದದ್ದೇ ತಡ, ಮನೆತನದ ಯಜಮಾನಿಕೆ ತನ್ನ ತಲೆಯ ಮೇಲೆ ಬಿತ್ತೆಂದು ತೀರ್ಮಾನಿಸಿಬಿಟ್ಟ. ಯಜಮಾನಿಕೆ ಎಂದರೆ ಭಾನುವಾರ ಫೋನು ಮಾಡಿ ಅರ್ಧ ಗಂಟೆ ಬುದ್ಧಿ ಹೇಳುವುದು. ಮನೆಯ ಹೀಟರ್ ಕೆಟ್ಟಾಗ, ಶ್ರೀನಿಗೆ ಮಂಗನಬಾವು ಬಂದಾಗ ಯಜಮಾನರ ಸುಳಿವಿರುತ್ತಿರಲಿಲ್ಲ. ಯಜಮಾನರು ಪ್ರತ್ಯಕ್ಷವಾಗುತ್ತಿದ್ದದ್ದು ನಾಲ್ಕು ಜನ ಸೇರುವ ಕಡೆ ಮಾತ್ರ.

ಹಾಗೆ ಪ್ರತ್ಯಕ್ಷವಾಗಿ ಅವನು ನಡೆಸಿದ ದೊಡ್ಡ ಕಾರ್ಯವೆಂದರೆ ಅರವತ್ತೆಂಟರಲ್ಲಿ ಶ್ರೀನಿಯ ಮುಂಜಿ. ಫ್ಲೋರಲ್ ಪಾರ್ಕಿನ ಅವನ ಬೇಸ್‌ಮೆಂಟಿನಲ್ಲೇ ಆಯಿತು. ಆ ಮುಂಜಿಯನ್ನು ನೋಡಿದ್ದರೆ ಪಂಚಾಂಗ ಬರೆದವರು ಪಂಚಾಂಗ ಬರೆಯುವುದನ್ನೇ ಬಿಟ್ಟುಬಿಡುತ್ತಿದ್ದರು. ಪುರೋಹಿತನೆಂದರೆ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದ ಒಬ್ಬ ಹುಡುಗ, ಪುಸ್ತಕ ನೋಡಿ ಓದಿದ, ನಡುವೆ ಎರಡು ಪುಟ ಅಂಟಿಕೊಂಡಿದ್ದು ಯಾರಿಗೂ ತಿಳಿಯಲಿಲ್ಲ. ಹೋಮ ನಡೆದದ್ದು ಕೇಕ್ ಬೇಯಿಸುವ ಅಲ್ಯೂಮಿನಿಯಂ ತಟ್ಟೆಯಲ್ಲಿ. ದರ್ಭೆ ಮನೆ ಮುಂದಿನ ಲಾನಿನದು. ಮುಹೂರ್ತ ಬ್ರಾಹ್ಮೀಯಲ್ಲಲ್ಲ, ಶನಿವಾರ ಹನ್ನೊಂದಕ್ಕೆ, ಯಾಕೆಂದರೆ ನ್ಯೂ ಜೆರ್ಸಿಯಿಂದ ಬರುವವರು ಡ್ರೈವ್ ಮಾಡಿಕೊಂಡು ಬರಬೇಕಲ್ಲ. ಬಾಳೆಲೆಯ ಬದಲು ಪೇಪರ್ ಪ್ಲೇಟು. ದೇಶ ಕಾಲ ನೋಡಿ ಎಲ್ಲವನ್ನೂ ಬಗ್ಗಿಸಿದರು, ಬಳುಕಿಸಿದರು, ನಕ್ಕು ನಡೆಸಿಬಿಟ್ಟರು. ಬಗ್ಗದೆ ಉಳಿದದ್ದು ಒಂದೇ ಶಾಸ್ತ್ರ. ಗಂಡ ಸತ್ತವಳು ಹಸೆಯ ಹತ್ತಿರ ಬರಕೂಡದು.

ಮಗನ ಪಕ್ಕದಲ್ಲಿ ಬದರಿಯೂ ಕೌಸಲ್ಯೆಯೂ ತಂದೆತಾಯಿಯಾಗಿ ಕೂತರು. ಮಾತೃಭೋಜನವೆಂದು, ತಾಯಿಯೊಂದಿಗೆ ಒಂದೇ ಎಲೆಯಲ್ಲಿ ಉಣ್ಣುವ ಕೊನೆಯ ಊಟವೆಂದು, ಶ್ರೀನಿಗೆ ತುತ್ತು ಕೊಟ್ಟವಳು ಕೌಸಲ್ಯೆ. ಆ ತುತ್ತಿನ ಅನ್ನ ಮಾಡಿದವಳು ಅನಸೂಯ, ಬೆಳಗ್ಗೆ ಐದಕ್ಕೆದ್ದು. ಬೇಸ್‌ಮೆಂಟಿನ ಮೆಟ್ಟಿಲ ಮೇಲ್ಗಡೆ ಅರೆತೆರೆದ ಬಾಗಿಲ ಸಂದಿಯಿಂದ ಅವಳಿಗೆ ಕಂಡದ್ದು ಮಗನ ಬೋಳುತಲೆ ಮಾತ್ರ. “ಅಮ್ಮ ಎಲ್ಲಿ? ವೈ ಈಸ್ ಶಿ ಅಪ್‌ಸ್ಟೇರ್ಸ್?” ಎಂದು ಅವನು ಕೇಳಿದ್ದು ಅವಳ ಕಿವಿಗೂ ಬಿತ್ತು.

“ಅಮ್ಮ ಹಾಗೆಲ್ಲ ಬರಬಾರ್ದು ಪುಟ್ಟಾ. ಅವರಿಗೆ ಅದು ಇಷ್ಟ ಇಲ್ಲ,” ಅಂದಳು ಕೌಸಲ್ಯೆ.

ಹುಡುಗ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅನಸೂಯ ಹೌದೆಂದು ತಲೆಯಾಡಿಸಿದಳು. ಯಾಕೆ ಆಡಿಸಿದಳೋ. ಇಡೀ ಊರನ್ನು ಒಂದು ‘ಹುಂ’ನಲ್ಲಿ ಗುಡಿಸಿ ಹಾಕುವ ಹೆಂಗಸು ಅಂದು ಅದನ್ನೂ ಅನ್ನಲಿಲ್ಲ. ಆಮೇಲೆ ಹತ್ತು ವರ್ಷ ಮನಸ್ಸಿನಲ್ಲೇ ಮೈದುನನನ್ನೂ ಓರಗಿತ್ತಿಯನ್ನೂ ಅರೆದಳು, ರುಬ್ಬಿದಳು. ಎದುರಿಗೆ ಮಾತ್ರ “ಬಾ ಬದರಿ, ಕಾಫಿ ಕುಡೀತೀಯ?” ಎಂದೇ ಕೇಳುತ್ತಿದ್ದಳು. ಶ್ರೀನಿಯ ಹುಟ್ಟುಹಬ್ಬಕ್ಕೆ ಆರತಿಯಾಗಲಿ, ಕಾಲೇಜಿಗೆ ಹೊರಡುವಾಗ ಹಣೆಗೆ ಕುಂಕುಮವಾಗಲಿ, ಅವಳು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದು ಕೌಸಲ್ಯೆಗೆ ಜಾಗ ಬಿಡುತ್ತಿದ್ದಳು. ಹುಡುಗ ಅದನ್ನು ನೋಡಿಕೊಂಡೇ ಬೆಳೆದ.

ಎಪ್ಪತ್ತನಾಲ್ಕರಲ್ಲಿ ಶ್ರೀನಿ ಕಾಲೇಜು ಸೇರಿದ. ಸೇರಿದ್ದೇ, ಓದುತ್ತಲೇ ಸೈನ್ಯದ ಅಧಿಕಾರಿಯಾಗಲು ತಯಾರು ಮಾಡುವ ಆರ್‌.ಓ.ಟಿ.ಸಿ.ಗೂ ಹೆಸರು ಕೊಟ್ಟುಬಂದ. ಫೀಸನ್ನೆಲ್ಲ ಸೈನ್ಯವೇ ಕಟ್ಟುತ್ತದೆ, ಅಮ್ಮನಿಗೆ ಭಾರವಿಲ್ಲ ಎಂಬುದು ಅವನ ಲೆಕ್ಕ. ವಿಯೆಟ್ನಾಂ ಯುದ್ಧದ ಮೇಲಿನ ಸಿಟ್ಟು ಇನ್ನೂ ಆರಿರದ ಕಾಲ. ಯೂನಿಫಾರಂ ತೊಟ್ಟು ಕ್ಯಾಂಪಸ್ಸಿನಲ್ಲಿ ನಡೆದರೆ ಹುಡುಗಿಯರು ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಅನಸೂಯಳಿಗೂ ಅದು ಹಿಡಿಸಲಿಲ್ಲ. ಬೆಳೆದ ಗಂಡಸರು ಎಡಗಾಲು ಬಲಗಾಲು ಎಂದು ಕೂಗಿಸಿಕೊಂಡು ನಡೆಯುವುದರಲ್ಲಿ ಏನು ದೊಡ್ಡಸ್ತಿಕೆ? “ನಡಿಯೋದನ್ನ ನಾನೇ ಕಲಿಸಿದ್ನಲ್ಲೋ, ಮತ್ತೆ ಯಾಕೆ ಫೀಸು?” ಅಂದಳು. ಶ್ರೀನಿ ನಕ್ಕ. ಅವಳ ಕೊಂಕಿಗೆ ನಗುವವನು ಪ್ರಪಂಚದಲ್ಲಿ ಅವನೊಬ್ಬನೇ.

ಬದರೀನಾಥ ಮಾತ್ರ ನಗಲಿಲ್ಲ. “ನಮ್ಮ ವಂಶದಲ್ಲಿ ಯಾರೂ ಪೊಲೀಸ್ ಕೆಲಸಕ್ಕೂ ಹೋದೋರಲ್ಲ ಅತ್ತಿಗೆ! ಮೆಡಿಸಿನ್ ಓದ್ಬೇಕಾದ ಹುಡುಗ ಬಂದೂಕ ಹೊರ್ತಾನಂತೆ. ಜನ ನನ್ನ ಕೇಳ್ತಾರೆ, ನಾನೇನು ಹೇಳ್ಲಿ?” ಎಂದು ಫೋನಿನಲ್ಲಿ ಕಿರುಚಿದ. ಜನ ಕೇಳಿಯೂ ಕೇಳಿದರು. ತಂದೆಯಿಲ್ಲದ ಹುಡುಗ, ಹೇಳುವವರು ಕೇಳುವವರು ಇಲ್ಲ, ಹಾಗೇ ಆಗುವುದು ಎಂದು ಬೇಸ್‌ಮೆಂಟುಗಳಲ್ಲಿ ನಿಟ್ಟುಸಿರುಗಳು ಬಿದ್ದವು. ಆಮೇಲಿನ ಮೂರೂವರೆ ವರ್ಷ ಫ್ಲೋರಲ್ ಪಾರ್ಕಿನಿಂದ ಭಾನುವಾರದ ಫೋನು ಅಪರೂಪವಾಯಿತು. ಅನಸೂಯಳಿಗೆ ಅದೊಂದು ಲಾಭ.

ಎಪ್ಪತ್ತೆಂಟರ ಏಪ್ರಿಲ್‌ನಲ್ಲಿ ಗಾಳಿ ತಿರುಗಿತು. ಮೇ ತಿಂಗಳಲ್ಲಿ, ಘಟಿಕೋತ್ಸವದ ಹಿಂದಿನ ದಿನ, ಕಾಲೇಜಿನ ಜಿಮ್ನೇಸಿಯಂನಲ್ಲಿ ಹುಡುಗರಿಗೆ ಸೆಕೆಂಡ್ ಲೆಫ್ಟಿನೆಂಟ್ ಪದವಿ ಕೊಡುವ ಸಮಾರಂಭ, ಕಮಿಷನಿಂಗ್, ಅಂತ ತಿಳಿಯಿತು. ಆ ನೇಮಕ ಅಮೆರಿಕದ ಅಧ್ಯಕ್ಷರ ಹೆಸರಿನಲ್ಲೇ ಆಗುತ್ತದೆಂದು ಬದರಿಗೆ ಆಫೀಸಿನಲ್ಲಿ ಯಾರೋ ಹೇಳಿದರು. ಅವನು ಅಲ್ಲೇ ಕರಗಿಹೋದ. ಅವನ ತಲೆಯಲ್ಲಿ ಮೈಸೂರು ಬಿಟ್ಟಾಗಿನಿಂದ ದೊಡ್ಡ ಮನುಷ್ಯನೆಂದರೆ ಗೆಜೆಟೆಡ್ ಆಫೀಸರ್. ಈಗ ಮನೆತನದಲ್ಲೇ ಒಬ್ಬ, ಅದೂ ಅಮೆರಿಕದ ಗೆಜೆಟ್ಟಿನವನು! ಬಂದೂಕು ಮರೆತುಹೋಯಿತು. “ನಮ್ಮ ಶ್ರೀನಿಗೆ ಪ್ರೆಸಿಡೆಂಟ್ ಪೋಸ್ಟಿಂಗ್ ಕೊಟ್ಟಿದ್ದಾರೆ, ನಾವು ಬೆಳೆಸಿದ ಹುಡುಗ” ಎಂದು ಕ್ವೀನ್ಸಿನಿಂದ ಪಾರ್ಸಿಪನಿಯವರೆಗಿನ ಕನ್ನಡದವರಿಗೆಲ್ಲ ಫೋನು ಮಾಡಿದ. ಬೆಳೆಸಿದರಂತೆ! ಅನಸೂಯ ಇದನ್ನು ಕೇಳಿದಾಗ ಬಂದ ‘ಹುಂ’ ಫೋನಿನ ತಂತಿಯನ್ನೇ ಸುಡಬೇಕಿತ್ತು.

ಆ ಸಮಾರಂಭದಲ್ಲಿ ಏನು ನಡೆಯುತ್ತದೆಂದು ಅವಳಿಗೆ ಹೇಳಿದವಳು ಆಫೀಸಿನಲ್ಲಿ ಪಕ್ಕದ ಮೇಜಿನ ಮಾರ್ಗರೆಟ್. ಮಾರ್ಗರೆಟ್ ಕೂಡ ವಿಧವೆ. ಆದರೆ ಕೆಂಪು ಲಿಪ್‌ಸ್ಟಿಕ್ ಬಿಟ್ಟಿರಲಿಲ್ಲ, ಗುರುವಾರದ ಬೌಲಿಂಗ್ ಬಿಟ್ಟಿರಲಿಲ್ಲ. ಅನಸೂಯಳ ತಾತ್ಸಾರದಲ್ಲಿ ಅವಳಿಗೂ ಒಂದು ಪಾಲಿತ್ತು. ಪ್ರಮಾಣವಚನ ಆದಮೇಲೆ ಒಬ್ಬೊಬ್ಬನ ಹೆಸರು ಕೂಗುತ್ತಾರೆ, ಮನೆಯವರಿಬ್ಬರು ವೇದಿಕೆ ಹತ್ತಿ ಹುಡುಗನ ಎರಡು ಭುಜಕ್ಕೂ ಚಿನ್ನದ ಬಣ್ಣದ ಪುಟ್ಟ ಲೋಹದ ಪಟ್ಟಿ ಚುಚ್ಚುತ್ತಾರೆ, ಅದು ಬಿದ್ದಮೇಲೇ ಅವನು ಅಧಿಕಾರಿ ಎಂದು ಮಾರ್ಗರೆಟ್ ವಿವರಿಸಿದಳು. ಅರವತ್ತಾರರಲ್ಲಿ, ಗಂಡ ಸತ್ತ ಮರುವರ್ಷ, ತನ್ನ ಮಗನಿಗೆ ತಾನೇ ಚುಚ್ಚಿದ್ದಳಂತೆ.

“ಆಮೇಲೆ ಅವನಿಗೇನಾಯಿತು?” ಅನಸೂಯ ಥಟ್ಟನೆ ಕೇಳಿದಳು.

“ಏನಾಗಬೇಕಿತ್ತು? ವಿಯೆಟ್ನಾಂಗೆ ಹೋದ, ಬಂದ. ಈಗ ಟ್ರೆಂಟನ್‌ನಲ್ಲಿ ಸೋಫಾ ಮಾರುತ್ತಾನೆ.”

ಅನಸೂಯ ಅವತ್ತು ಊಟದ ಹೊತ್ತಿನಲ್ಲಿ ಮಾರ್ಗರೆಟ್‌ಗೆ ತನ್ನ ಡಬ್ಬಿಯಿಂದ ಚಿತ್ರಾನ್ನ ಕೊಟ್ಟಳು. ಹಾಗೆ ಯಾರಿಗೂ ಕೊಟ್ಟವಳಲ್ಲ.

ಅಂದಿನಿಂದ ಅವಳಿಗೆ ಅದೊಂದು ಬೇಕಾಯಿತು. ಸೈನ್ಯ ಬೇಡ, ಬ್ಯಾಂಡು ಬೇಡ, ಅಧ್ಯಕ್ಷನೂ ಬೇಡ. ಆ ಪಟ್ಟಿ ಮಗನ ಭುಜಕ್ಕೆ ತನ್ನ ಕೈಯಿಂದ ಬೀಳಬೇಕು. ಗುರುರಾಜನ ಹಳೇ ಓವರ್‌ಕೋಟನ್ನು ಕುರ್ಚಿಗೆ ತೊಡಿಸಿ, ಅದರ ಭುಜಕ್ಕೆ ಒಂದು ಬ್ರೋಚ್ ಚುಚ್ಚಿ, ತೆಗೆದು, ಮತ್ತೆ ಚುಚ್ಚಿ ಕೈ ಪಳಗಿಸಿಕೊಂಡಳು. ಮಗನ ಮುಂದೆ ಮಾತ್ರ ಬಾಯಿಬಿಡಲಿಲ್ಲ. ಅವನೇ ಕೇಳಬೇಕು, ತಾಯಿಯಾದವಳು ಬೇಡುವುದುಂಟೇ? ಅವನು ಸಮಾರಂಭದ ಮಾತೆತ್ತಿದರೆ “ಆ ಕುಣಿತ ನೋಡೋಕೆ ನಾನೊಂದು ದಿನ ರಜ ಹಾಕ್ಬೇಕಾ?” ಅನ್ನುವಳು. ಅಂದು, ಅವನು ಒತ್ತಾಯ ಮಾಡಲಿ ಎಂದು ಕಾಯುವಳು. ಶ್ರೀನಿ ಒತ್ತಾಯ ಮಾಡಲಿಲ್ಲ. “ಐ ನೋ, ಅಮ್ಮ. ಜಸ್ಟ್ ಕಮ್ ಅಂಡ್ ಸಿಟ್. ಅಷ್ಟು ಸಾಕು,” ಅಂದ, ತುಂಬ ಮೆದುವಾಗಿ. ಸುಮ್ಮನೆ ಬಂದು ಕೂತಮೇಲೆ ಕರೆಯುತ್ತಾನೆ ಎಂದೇ ಅವಳು ಅರ್ಥಮಾಡಿಕೊಂಡಳು.

ಮೇ ತಿಂಗಳ ಆ ದಿನ ಬದರೀನಾಥನ ಸ್ಟೇಷನ್ ವ್ಯಾಗನ್ ಜಿಮ್ನೇಸಿಯಂ ಮುಂದೆ ಬಂದು ನಿಂತಿತು. ಅದರಿಂದ ಇಳಿದವನು ಹೊಸ ಸಫಾರಿ ಸೂಟಿನ ಬದರಿ. ಹಿಂದೆಯೇ ಅರಿಶಿನ ಕುಂಕುಮದ ನೀರಿನ ಆರತಿ ತಟ್ಟೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡು, ಗಿಣಿಹಸಿರು ರೇಷ್ಮೆ ಸೀರೆಯ ಕೌಸಲ್ಯೆ. ಬರುವ ದಾರಿಯಲ್ಲಿ ಅರ್ಧ ನೀರು ಸೀಟಿಗೆ ಚೆಲ್ಲಿ ಅಲ್ಲಿ ಕೊಲೆ ನಡೆದಂತಿತ್ತು. ಅನಸೂಯ ಬಸ್ಸಿನಲ್ಲಿ ಬಂದಿದ್ದಳು. ಬೂದುಬಣ್ಣದ ಸೀರೆ, ಉಗುರು ಕತ್ತರಿಸಿ ನುಣುಪು ಮಾಡಿಕೊಂಡ ಕೈ.

“ಅಯ್ಯೋ ಅಕ್ಕ, ನಮ್ಮ ಜೊತೆ ಕಾರಲ್ಲೇ ಬರಬಹುದಿತ್ತಲ್ಲ,” ಅಂದಳು ಕೌಸಲ್ಯೆ.

“ಕರೆದಿದ್ರೆ ಬರ್ತಿದ್ದೆ,” ಅಂದಳು ಅನಸೂಯ.

ಬಾಗಿಲಲ್ಲಿ ಒಬ್ಬ ಯುವ ಕ್ಯಾಪ್ಟನ್ ಅವಳ ಹೆಸರು ಕೇಳಿದ್ದೇ ತೋಳು ಚಾಚಿ, ರಾಣಿಯನ್ನು ನಡೆಸಿಕೊಂಡು ಹೋದಂತೆ ಹೋಗಿ ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದ. ಬದರಿ ಕೌಸಲ್ಯೆಯರನ್ನು ಎಲ್ಲೋ ಪಕ್ಕಕ್ಕೆ ಕಳಿಸಿದರು. ಅನಸೂಯಳಿಗೆ ಬಹಳ ವರ್ಷಗಳ ನಂತರ ಒಳಗೇ ಹಿಗ್ಗು ಉಕ್ಕಿತು. ನೋಡು, ಇವರಿಗಾದರೂ ಗೊತ್ತು ತಾಯಿ ಯಾರೆಂದು, ಅಂದುಕೊಂಡಳು. ಬಾಸ್ಕೆಟ್‌ಬಾಲ್ ಬುಟ್ಟಿಗಳ ಕೆಳಗೆ ಬಾವುಟಗಳು, ಬೆವರಿನ ಹಳೇ ವಾಸನೆ, ಮಡಿಸುವ ಕುರ್ಚಿಗಳು. ಒಬ್ಬ ಕರ್ನಲ್ ಕರ್ತವ್ಯದ ಬಗ್ಗೆ ಮಾತಾಡಿದ. ಮಾತಾಡಿದ, ಮಾತಾಡಿದ. ಭಾಷಣಕಾರರು ಎಲ್ಲ ದೇಶದಲ್ಲೂ ಒಂದೇ ಜಾತಿ ಎಂದು ಅವಳು ‘ಹುಂ’ ಅಂದಳು. ಹುಡುಗರು ಬಲಗೈ ಎತ್ತಿ ಪ್ರಮಾಣ ಮಾಡಿದರು. ಹೆಸರು ಕೂಗುವುದು ಶುರುವಾಯಿತು. ತಂದೆತಾಯಂದಿರು ಪಕ್ಕದ ಸಾಲಿನಿಂದ ಎದ್ದೆದ್ದು ವೇದಿಕೆ ಹತ್ತುತ್ತಿದ್ದರು. ಅವಳು ಕೂತಿದ್ದ ಮುಂದಿನ ಸಾಲಿನಿಂದ ಯಾರೂ ಏಳುತ್ತಿರಲಿಲ್ಲ. ಅವಳಿಗೆ ಅದು ತಟ್ಟಲೇ ಇಲ್ಲ.

ಶ್ರೀನಿಯ ಹೆಸರು ಕೂಗಿದರು. “ಪಟ್ಟಿ ತೊಡಿಸುವವರು ಚಿಕ್ಕಪ್ಪ ಬದರೀನಾಥ್ ಮತ್ತು ಚಿಕ್ಕಮ್ಮ ಕೌಸಲ್ಯಾ” ಎಂದು ಇಂಗ್ಲಿಷಿನಲ್ಲಿ ಸಾರಿದರು.

ಅರ್ಧ ಎದ್ದಿದ್ದ ಅನಸೂಯ ಹಾಗೇ ನಿಂತಳು. ಬದರಿಯದೇ ಕಿತಾಪತಿ, ಇನ್ಯಾರದು? ಹತ್ತು ವರ್ಷ ರುಬ್ಬಿದ್ದೆಲ್ಲ ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿದ್ದ ಕ್ಯಾಪ್ಟನ್ ಬಾಗಿ ಮೆಲ್ಲನೆ ಹೇಳಿದ. ನಿಮ್ಮ ಮಗ ಹೋದ ತಿಂಗಳೇ ನನ್ನಲ್ಲಿಗೆ ಬಂದು ಎಲ್ಲ ವಿವರಿಸಿದ್ದಾನೆ. ಇಂಥ ಕಾರ್ಯಗಳಲ್ಲಿ ನೀವು ಭಾಗವಹಿಸುವುದನ್ನು ನಿಮ್ಮ ಧರ್ಮ ಒಪ್ಪುವುದಿಲ್ಲವಂತೆ, ಕೇಳಿದರೆ ನಿಮಗೆ ಮುಜುಗರವಾಗುತ್ತದಂತೆ. ಅದನ್ನು ನಾವು ಗೌರವಿಸುತ್ತೇವೆ. ಎಲ್ಲಿಂದ ಚೆನ್ನಾಗಿ ಕಾಣುತ್ತದೋ ಅಲ್ಲಿ ಅಮ್ಮನನ್ನು ಕೂರಿಸಿ ಎಂದು ಕೇಳಿಕೊಂಡ, ಅದಕ್ಕೇ ಈ ಕುರ್ಚಿ.

ರಾಣಿಯ ಕುರ್ಚಿ! ಮುಂಜಿಯ ದಿನದ ಆ ಮೆಟ್ಟಿಲ ಮೇಲಿನ ಬಾಗಿಲನ್ನೇ ಮಗ ಕಿತ್ತು ತಂದು, ಒಳ್ಳೆಯ ಜಾಗದಲ್ಲಿ ಹಾಕಿಸಿದ್ದ. ಪ್ರೀತಿಯಿಂದಲೇ ಹಾಕಿಸಿದ್ದ. ಬೈಯಲು ಬದರಿಯೂ ಸಿಗಲಿಲ್ಲ, ಕೌಸಲ್ಯೆಯೂ ಸಿಗಲಿಲ್ಲ. ಅನಸೂಯಳಿಗೆ ಮೈಯೆಲ್ಲ ಉರಿದುಹೋಯಿತು.

ವೇದಿಕೆಯ ಮೇಲೆ ಬದರಿ ಎಡಭುಜ ಮುಗಿಸಿ ಫೋಟೋಗೆ ನಗುತ್ತಿದ್ದ. ಕೌಸಲ್ಯೆ ಬಲಭುಜದ ಪಟ್ಟಿಯೊಂದಿಗೆ ಗುದ್ದಾಡಿ ಹೇಗೋ ಸಿಕ್ಕಿಸಿದಳು. ಅಷ್ಟರಲ್ಲಿ ಅನಸೂಯ ಮೆಟ್ಟಿಲು ಹತ್ತಿಬಂದಿದ್ದಳು. ಯಾರೂ ತಡೆಯಲಿಲ್ಲ. ಸೈನ್ಯದವರಿಗೆ ಬೂದುಸೀರೆಯ ಹೆಂಗಸನ್ನು ತಡೆಯುವ ತರಬೇತಿ ಇದ್ದಂತಿರಲಿಲ್ಲ. ಸೀದಾ ಹೋಗಿ ಕೌಸಲ್ಯೆ ಚುಚ್ಚಿದ ಪಟ್ಟಿಯನ್ನು ಮಗನ ಬಲಭುಜದಿಂದ ಕಿತ್ತು ತೆಗೆದಳು.

“ಅತ್ತಿಗೆ, ಏನಿದು? ಎಲ್ಲರೂ ನೋಡ್ತಿದಾರೆ,” ಎಂದು ಬದರಿ ಹಲ್ಲು ಕಚ್ಚಿದ, ನಗು ಹಾಗೇ ಇಟ್ಟುಕೊಂಡು.

“ನೋಡ್ಲಿ. ಅದಕ್ಕೇ ತಾನೆ ಸೂಟ್ ಹೊಲಿಸಿದ್ದು ನೀನು?”

ಕೌಸಲ್ಯೆಯ ಮುಖ ಬಿಳಿಚಿತ್ತು. ಅವಳಿಗೆ ನಿಜವಾಗಿಯೂ ಭಯವಾಗಿತ್ತು. “ಬೇಡ ಅಕ್ಕ, ದಮ್ಮಯ್ಯ. ಮಿಲಿಟರಿಗೆ ಹೋಗೋ ಹುಡುಗ. ನಿಮ್ಮ ಕೈಯಿಂದ... ಹೆಚ್ಚು ಕಮ್ಮಿ ಆದ್ರೆ?”

ಅನಸೂಯಳ ಕೈ ಅಲ್ಲೇ ನಿಂತುಬಿಟ್ಟಿತು. ಪಟ್ಟಿಯ ಎರಡು ಮುಳ್ಳುಗಳು ಮಗನ ಭುಜದಿಂದ ಒಂದು ಬೆರಳಿನಷ್ಟು ದೂರದಲ್ಲಿದ್ದವು. ಆ ಬೆರಳಿನಷ್ಟನ್ನು ದಾಟಲು ಅವಳಿಂದ ಆಗಲಿಲ್ಲ. ಎಲ್ಲರನ್ನೂ ಹೀಗಳೆದ ಆ ಮನಸ್ಸಿನ ತಳದಲ್ಲಿ ಕೌಸಲ್ಯೆಯ ಮಾತಿಗೆ ಹೌದು ಅನ್ನುವ ಏನೋ ಒಂದು ಅಡಗಿ ಕೂತಿತ್ತು, ಅದು ಈಗ ಮೊದಲ ಸಲ ಅವಳಿಗೆ ಕಂಡಿತು. ನೋಡಿ ಹೇಸಿಗೆಯಾಯಿತು. ಬದರಿಯ ಸಫಾರಿ ಸೂಟಿಗಿಂತ, ಅಲ್ಯೂಮಿನಿಯಂ ಸುತ್ತಿದ ಆರತಿಗಿಂತ ಹೆಚ್ಚು ಹೇಸಿಗೆ.

“ಅವರು ಹೋದ್ಮೇಲೆ ಹನ್ನೊಂದು ವರ್ಷ ಈ ಕೈಯಲ್ಲೇ ಕಣೇ ಅವನಿಗೆ ಅನ್ನ ಹಾಕಿದ್ದು,” ಅಂದಳು. ದನಿ ಗಟ್ಟಿಯಾಗಿಯೇ ಬಂತು, ಆದರೆ ಕೌಸಲ್ಯೆಗೆ ಹೇಳಿದಂತಿರಲಿಲ್ಲ. “ಜ್ವರ ಬಂದಾಗ ಈ ಕೈಯೇ. ತಲೆಗೆ ಎಣ್ಣೆ ಒತ್ತಿದ್ದೂ ಈ ಕೈಯೇ. ಆಗ ಏನೂ ಆಗ್ಲಿಲ್ವಲ್ಲ ಅವನಿಗೆ! ನಾಲ್ಕು ಜನ ನೋಡುವಾಗ ಮಾತ್ರ ವಿಷ ಆಗುತ್ತಾ ಇದು?”

ಚುಚ್ಚಿದಳು. ಮುಳ್ಳುಗಳು ಬಟ್ಟೆ ದಾಟಿದವು, ಹಿಂದಿನ ಬಿರಡೆಗಳನ್ನು ಒತ್ತಿದಳು, ಪಟ್ಟಿ ನೆಟ್ಟಗೇ ಕೂತಿತು. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು. ಇದೂ ಭಾರತೀಯರ ಒಂದು ಪದ್ಧತಿಯಿರಬೇಕೆಂದು ಉಳಿದವರೂ ತಟ್ಟಿದರು.

ಶ್ರೀನಿ ಅಲುಗದೆ ನಿಂತಿದ್ದ, ದೃಷ್ಟಿ ಎದುರಿನ ಬಾವುಟದ ಮೇಲೆ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ. “ಐ ಥಾಟ್ ಯು ಡಿಡ್‌ಂಟ್ ವಾಂಟ್ ಟು,” ಅಂದ ತುಟಿ ಅಲ್ಲಾಡಿಸದೆ. “ಮುಂಜಿ ದಿನ ನಾನು ನಿನ್ನನ್ನೇ ನೋಡ್ದೆ. ಯು ನಾಡೆಡ್, ಅಮ್ಮ. ಅವತ್ತೇ ಯಾಕೆ ಬರ್ಲಿಲ್ಲ ನೀನು?”

ಅನಸೂಯ ಮಗನ ಕಾಲರನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

“ಈ ಕೈ ಕೆಟ್ಟದ್ದು ಅಂತ ನಾನೂ ನಂಬಿದ್ದೆ ಕಣೋ,” ಅಂದಳು.